ಪ್ಲಗ್ ಹಾಕುವ ಮೊದಲು ಮೀಟರ್ ಹಿಡಿಯಿರಿ: ಸಿಂಕ್ಲೇರ್ ಸ್ಪೆಕ್ಟ್ರಮ್ ಪ್ಲಸ್ ಬಗ್ಗೆ ಒಬ್ಬ ಟಿವಿ ಮೆಕ್ಯಾನಿಕ್

ನನ್ನದು ಮಂಡ್ಯದಲ್ಲಿ ಟಿವಿ ರಿಪೇರಿ ಅಂಗಡಿ. ಕಂಪ್ಯೂಟರ್ ಪಂಡಿತ ನಾನಲ್ಲ. ಆದರೂ ಸ್ಪೆಕ್ಟ್ರಮ್ ಪ್ಲಸ್ ಅನ್ನುವ, 1980ರ ದಶಕದ ಈ ಇಂಗ್ಲೆಂಡಿನ ಮನೆ ಕಂಪ್ಯೂಟರಿನ ಬಗ್ಗೆ ಬರೆಯುವ ಹಕ್ಕು ಟಿವಿ ಮೆಕ್ಯಾನಿಕ್‌ಗೆ ಜಾಸ್ತಿ ಇದೆ ಅಂತ ನನ್ನ ವಾದ. ಯಾಕೆಂದರೆ ಸ್ಪೆಕ್ಟ್ರಮ್‌ಗೆ ತನ್ನದೇ ಪರದೆ ಇಲ್ಲ. ಮನೆಯ ಟಿವಿಯ ಆಂಟೆನಾ ಸಾಕೆಟ್ಟಿಗೆ ಸಿಕ್ಕಿಸಿದರೆ ಮಾತ್ರ ಅದು ಕಂಪ್ಯೂಟರ್. ಇಲ್ಲದಿದ್ದರೆ ಬರೀ ಕಪ್ಪು ಕೀಲಿಮಣೆ.

ಕೊಳ್ಳಬಹುದಾ ಅನ್ನುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಮಲ್ಟಿಮೀಟರ್ ಹಿಡಿಯಲು ಬರುವವರು ಕೊಳ್ಳಬಹುದು. ಬಾರದಿದ್ದರೆ, ಹಿಡಿಯಲು ಬರುವ ಸ್ನೇಹಿತರು ಇದ್ದರೂ ಸಾಕು. ಪ್ಲಗ್ ಹಾಕಿ ಆಟ ಆಡಬೇಕು ಅಷ್ಟೇ ಅನ್ನುವವರಿಗೆ ಇದು ಬೇಡ. ಅವರಿಗೆ ಏನು ಬೇಕು ಅಂತ ಮುಂದೆ ಹೇಳುತ್ತೇನೆ.

ನನ್ನ ಮೇಜಿಗೆ ಬಂದದ್ದು ಒಬ್ಬ ನಿವೃತ್ತ ಗಣಿತ ಮೇಷ್ಟ್ರ ಮೆಷಿನ್ನು. ಅವರ ಭಾವಮೈದ 1985ರಲ್ಲಿ ಇಂಗ್ಲೆಂಡಿನಿಂದ ತಂದುಕೊಟ್ಟದ್ದಂತೆ. ಡಬ್ಬ, ಪುಸ್ತಕ, ಜೊತೆಗೆ ಕೊಡುತ್ತಿದ್ದ ಕ್ಯಾಸೆಟ್, ಎಲ್ಲ ಇತ್ತು. ಆದರೆ ಅವತ್ತಿನಿಂದ ಇವತ್ತಿನವರೆಗೆ ಅದರಲ್ಲಿ ಒಂದು ಅಕ್ಷರ ಕೂಡ ಯಾರೂ ನೋಡಿರಲಿಲ್ಲ. ಟಿವಿಗೆ ಹಾಕಿದರು, ಚಿತ್ರ ಬರಲಿಲ್ಲ. "ದಾರೀಲಿ ಏಟು ಬಿದ್ದಿರಬೇಕು, ಕೆಟ್ಟೋಗಿದೆ" ಅಂದರು. ಅಟ್ಟಕ್ಕೆ ಹಾಕಿದರು.

"ನಿಮ್ಮನೇಲಿ ಆಗ ಯಾವ ಟಿವಿ ಇತ್ತು ಸಾರ್?" ಅಂತ ಕೇಳಿದೆ.

"ಬ್ಲ್ಯಾಕ್ ಅಂಡ್ ವೈಟು ಕಣಪ್ಪಾ. ಟಕ್ ಟಕ್ ಅಂತ ತಿರುಗಿಸೋ ನಾಬ್ ಇತ್ತಲ್ಲ, ಅದು. ಶಟರ್ ಬಾಗಿಲಿಂದು."

ಅಲ್ಲಿಗೆ ನನಗೆ ಅರ್ಧ ಉತ್ತರ ಸಿಕ್ಕಿತು. ಸ್ಪೆಕ್ಟ್ರಮ್ ತನ್ನ ಚಿತ್ರವನ್ನು ಬಿಡುವುದು ಯುಎಚ್‌ಎಫ್ 36ನೇ ಚಾನೆಲ್‌ನಲ್ಲಿ. ಯುಎಚ್‌ಎಫ್ ಅಂದರೆ ಟಿವಿ ಪ್ರಸಾರದ ಮೇಲಿನ ಪಟ್ಟಿ, ವಿಎಚ್‌ಎಫ್ ಅಂದರೆ ಕೆಳಗಿನದು. 36ನೇ ಚಾನೆಲ್ ಅಂದರೆ ಸುಮಾರು 591 ಮೆಗಾಹರ್ಟ್ಸ್. ಇಂಗ್ಲೆಂಡಿನಲ್ಲಿ ಆಗ ಟಿವಿ ಪ್ರಸಾರವೇ ಯುಎಚ್‌ಎಫ್‌ನಲ್ಲಿ ಇತ್ತು, ಅಲ್ಲಿಯವರಿಗೆ ತೊಂದರೆ ಇಲ್ಲ. ನಮ್ಮ ಕಡೆ ದೂರದರ್ಶನ ಬರುತ್ತಿದ್ದದ್ದು ವಿಎಚ್‌ಎಫ್‌ನಲ್ಲಿ. ಹಳೆಯ ನಾಬ್ ಟಿವಿಗಳ ಟ್ಯೂನರ್ ಅಷ್ಟು ಮೇಲಕ್ಕೆ ಹೋಗುವುದೇ ಇಲ್ಲ. ನಾಬ್ ಎಷ್ಟು ತಿರುಗಿಸಿದರೂ ಸಿಗುವುದು ಬರೀ ಇರುವೆ ಸಾಲು. ಕೆಟ್ಟದ್ದು ಕಂಪ್ಯೂಟರ್ ಅಲ್ಲ, ಜೋಡಿಯೇ ತಪ್ಪು. ನಲವತ್ತು ವರ್ಷ ಅಟ್ಟದ ಮೇಲೆ ಸುಮ್ನೆ ಅಪವಾದ ಹೊತ್ತು ಕೂತಿತ್ತು ಪಾಪ.

ಹೀಗಾಗಿ ನಾನು ಮಾಡಿದ್ದು ರಿಪೇರಿಗಿಂತ ಹೆಚ್ಚಾಗಿ ಮೊದಲ ಸಲ ಆನ್ ಮಾಡುವ ಕೆಲಸ.

ಅಂಗಡಿ ಹುಡುಗ ಡಬ್ಬ ನೋಡಿದ ಕೂಡಲೇ "ಆನ್ ಮಾಡಿ ನೋಡ್ಬುಡಾಣ್ವಾ ಸಾ?" ಅಂದ. ಬೇಡ ಅಂದೆ. ಇಷ್ಟು ವರ್ಷ ಮಲಗಿದ ಯಾವ ಸೆಟ್ಟನ್ನೂ ನಾನು ನೇರ ಕರೆಂಟಿಗೆ ಕೊಡುವುದಿಲ್ಲ, ರೇಡಿಯೋ ಆಗಲಿ, ಆಂಪ್ಲಿಫೈಯರ್ ಆಗಲಿ. ಸ್ಪೆಕ್ಟ್ರಮ್ ವಿಷಯದಲ್ಲಂತೂ ಇನ್ನೊಂದು ದೊಡ್ಡ ಗುಂಡಿ ಇದೆ. ಅದರ ಎಲಿಮಿನೇಟರ್, ಅಂದರೆ ಕರೆಂಟ್ ಅಡಾಪ್ಟರ್.

ಮೂಲ ಎಲಿಮಿನೇಟರ್‌ನ ವೈರನ್ನು ಇಲಿ ಕಡಿದಿತ್ತು. ಮೇಷ್ಟ್ರ ಮಗ ಆನ್‌ಲೈನ್‌ನಲ್ಲಿ "9 ವೋಲ್ಟ್ ಯೂನಿವರ್ಸಲ್" ಅಂತ ಬರೆದಿದ್ದ ಒಂದು ಅಡಾಪ್ಟರ್ ತರಿಸಿ ಕಳಿಸಿದ್ದರು. ಪಿನ್ ಸರಿಯಾಗಿ ಕೂರುತ್ತದೆ. ವೋಲ್ಟೇಜ್ ಕೂಡ ಸರಿ. ಆದರೆ ಈಗ ಮಾರುಕಟ್ಟೆಯಲ್ಲಿ ಸಿಗುವ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಮಧ್ಯದಲ್ಲಿ ಪ್ಲಸ್, ಹೊರಗೆ ಮೈನಸ್. ಸ್ಪೆಕ್ಟ್ರಮ್‌ಗೆ ಬೇಕಾದದ್ದು ಉಲ್ಟಾ. ಮಧ್ಯದಲ್ಲಿ ಮೈನಸ್, ಹೊರಗೆ ಪ್ಲಸ್. ತಿಳಿಯದೆ ಹಾಕಿದರೆ ಮೆಷಿನ್ನಿನ ಒಳಗಿನ ಭಾಗಗಳು ಸುಡಬಹುದು. ಮಾರಿದವರು ಪುಟದ ಎಲ್ಲೂ ಇದನ್ನು ಬರೆದಿರಲಿಲ್ಲ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ.

ಆ ಅಡಾಪ್ಟರ್ ಪಕ್ಕಕ್ಕಿಟ್ಟು ಮೂಲದ್ದನ್ನೇ ಬಿಚ್ಚಿದೆ. ಒಳಗೆ ಒಂದು ಟ್ರಾನ್ಸ್‌ಫಾರ್ಮರ್, ಡಯೋಡ್‌ಗಳು, ಒಂದು ದೊಡ್ಡ ಕಂಡೆನ್ಸರ್. ಮುಗಿಯಿತು. ವೈರ್ ಬದಲಿಸಿದೆ, ಕಂಡೆನ್ಸರ್ ಹೊಸದು ಹಾಕಿದೆ, ಇಂಗ್ಲೆಂಡಿನ ಚೌಕ ಕಾಲಿನ ಪ್ಲಗ್ ತೆಗೆದು ನಮ್ಮ ಪ್ಲಗ್ ಕೂರಿಸಿದೆ. ಸೀರೀಸ್ ಬೋರ್ಡಿಗೆ ಕೊಟ್ಟೆ, ಅಂದರೆ ಮಧ್ಯೆ ಒಂದು ಬಲ್ಬು ಇಟ್ಟು ಅದರ ಮೂಲಕ ಕರೆಂಟ್ ಕೊಡುವುದು; ಶಾರ್ಟ್ ಇದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ. ಬಲ್ಬು ಒಮ್ಮೆ ಮಿನುಗಿ ಆರಿತು, ಶಾರ್ಟ್ ಇಲ್ಲ. ಮೀಟರ್‌ನಲ್ಲಿ 13 ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ ತೋರಿಸಿತು. ಇದನ್ನು ನೋಡಿ ಗಾಬರಿ ಬೀಳಬೇಡಿ. ಇದು ರೆಗ್ಯುಲೇಟರ್ ಇಲ್ಲದ ಹಳೇ ಮಾದರಿ. ಲೋಡ್ ಇಲ್ಲದಾಗ ವೋಲ್ಟೇಜ್ ಮೇಲೆ ಇರುತ್ತದೆ, ಮೆಷಿನ್ನು ಸಿಕ್ಕಿಸಿದರೆ ಕೆಳಗೆ ಇಳಿಯುತ್ತದೆ. ಬರೆದಿರುವ 9 ವೋಲ್ಟ್ ಲೋಡ್ ಇದ್ದಾಗಿನ ಲೆಕ್ಕ.

ಇನ್ನು ಮೆಷಿನ್ನು. ಕೆಳಗಿನ ಸ್ಕ್ರೂ ಬಿಚ್ಚಿದರೆ ಎರಡು ಭಾಗ ಆಗುತ್ತದೆ. ಮೇಲಿನ ಭಾಗದಿಂದ ಕೀಬೋರ್ಡಿನ ಎರಡು ಪ್ಲಾಸ್ಟಿಕ್ ಪಟ್ಟಿಗಳು ಬೋರ್ಡಿಗೆ ಬಂದಿರುತ್ತವೆ. ರಪ್ಪನೆ ಎತ್ತಬಾರದು. ಬೋರ್ಡ್ ನೋಡಿ ನನಗೆ ನಿಜವಾಗಲೂ ಖುಷಿ ಆಯಿತು. ಈಗಿನ ಎಲ್‌ಇಡಿ ಟಿವಿಯ ಬೋರ್ಡಿನಲ್ಲಿ ಸಾಸಿವೆಗಿಂತ ಸಣ್ಣ ಭಾಗಗಳು, ಐಸಿ ಹೋದರೆ ಬೋರ್ಡೇ ಬದಲಿಸು ಅನ್ನುತ್ತಾರೆ. ಪ್ಯಾನೆಲ್ ಹೋದರೆ ಟಿವಿಯೇ ಬದಲಿಸು ಅನ್ನುತ್ತಾರೆ. ಇಲ್ಲಿ ಹಾಗಲ್ಲ. ಕಾಲು ಇರುವ ಐಸಿಗಳು, ಬಣ್ಣದ ಪಟ್ಟೆಯ ರೆಸಿಸ್ಟರ್‌ಗಳು, ಮೂಲೆಯಲ್ಲಿ ದೊಡ್ಡ ಅಲ್ಯುಮಿನಿಯಂ ತಗಡಿಗೆ ಬಿಗಿದ 7805, ಅಂದರೆ 5 ವೋಲ್ಟ್ ಕೊಡುವ ರೆಗ್ಯುಲೇಟರ್. ಟಿವಿ ರಿಪೇರಿ ಮಾಡಿದ ಯಾರಿಗಾದರೂ ಇದು ಪರಿಚಯದ ಮುಖ.

ಒಳಗೆ ಇರುವುದು ಇಷ್ಟು: ಝಡ್80ಎ ಪ್ರೊಸೆಸರ್, ವೇಗ 3.5 ಮೆಗಾಹರ್ಟ್ಸ್. ಕರೆಂಟ್ ಹೋದರೂ ಅಳಿಯದ ಆರ್‌ಓಎಂ ಮೆಮೊರಿ 16 ಕೆಬಿ, ಅದರಲ್ಲಿ ಪ್ರೋಗ್ರಾಂ ಬರೆಯುವ ಬೇಸಿಕ್ ಭಾಷೆ. ರ‍್ಯಾಮ್ 48 ಕೆಬಿ. ಬೆಳಗ್ಗೆ ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ. ಚಿತ್ರ, ಕೀಬೋರ್ಡ್, ಟೇಪು ಎಲ್ಲವನ್ನೂ ನೋಡಿಕೊಳ್ಳಲು ಯುಎಲ್‌ಎ ಅಂತ ಒಂದೇ ಐಸಿ. ಹಳೆಯ ರಬ್ಬರ್ ಕೀ ಸ್ಪೆಕ್ಟ್ರಮ್ ಬಂದದ್ದು 1982ರಲ್ಲಿ. ಗಟ್ಟಿ ಕೀಗಳ ಈ ಪ್ಲಸ್ ಬಂದದ್ದು 1984ರಲ್ಲಿ. ಒಳಗಿನ ಬೋರ್ಡ್ ಹೆಚ್ಚು ಕಮ್ಮಿ ಅದೇ. 1980ರ ದಶಕದ ಕೊನೆಯ ಹೊತ್ತಿಗೆ ನಮ್ಮ ದೇಶದಲ್ಲೂ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್‌ನವರು ಪರವಾನಗಿ ಪಡೆದು 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಅಂತ ಮಾರಿದರು. ಹಾಗಾಗಿ ಹಳೇ ಸಾಮಾನಿನ ಅಂಗಡಿಗಳಲ್ಲಿ ಈ ಹೆಸರು ಕಂಡರೆ ಇದರ ತಮ್ಮ ಅಂತ ತಿಳಿಯಿರಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ 16 ಕೆಬಿ ಮೆಮೊರಿಗೆ ಹಾಕಿರುವುದು 4116 ಅನ್ನುವ ಐಸಿಗಳು, ಎಂಟು. ಇವಕ್ಕೆ ಬರೀ 5 ವೋಲ್ಟ್ ಸಾಲದು. ಪ್ಲಸ್ 12, ಪ್ಲಸ್ 5, ಮೈನಸ್ 5, ಮೂರೂ ಬೇಕು. ಅದನ್ನು ಮಾಡಿಕೊಡಲು ಬೋರ್ಡಿನಲ್ಲಿ ಒಂದು ಸಣ್ಣ ಕಾಯಿಲ್, ಎರಡು ಟ್ರಾನ್ಸಿಸ್ಟರ್ ಇವೆ. ಈ ಭಾಗ ಕೈಕೊಟ್ಟು ಮೈನಸ್ 5 ಹೋಯಿತು ಅಂದರೆ ಮೆಮೊರಿ ಐಸಿಗಳು ಬಿಸಿಯಾಗಿ ಸಾಯುತ್ತವೆ. ಸ್ಪೆಕ್ಟ್ರಮ್ ರಿಪೇರಿ ಮಾಡುವವರು ಮೊದಲು ಕೈ ಇಡುವುದೇ ಇಲ್ಲಿಗೆ. ಹಾಗಾಗಿ ಟಿವಿ ಕಡೆ ನೋಡದೆ ಮೊದಲು ಮೀಟರ್ ಕಡೆ ನೋಡಬೇಕು. 4116ರ ಒಂದನೇ ಕಾಲಿನಲ್ಲಿ ಮೈನಸ್ 5, ಎಂಟನೇ ಕಾಲಿನಲ್ಲಿ ಪ್ಲಸ್ 12, ಒಂಬತ್ತನೇ ಕಾಲಿನಲ್ಲಿ ಪ್ಲಸ್ 5. ಹದಿನಾರನೆಯದು ಗ್ರೌಂಡ್. ಹಳೆಯ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್‌ಗಳನ್ನು ಮೊದಲೇ ಬದಲಿಸಿದ್ದೆ. ಎಲ್ಲ ಸಾಮಾನ್ಯ ಬೆಲೆಯವು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೇ ಅಂಗಡಿಯಲ್ಲಿ ಸಿಕ್ಕವು.

ಪಿನ್ ಸಿಕ್ಕಿಸಿದೆ. ಹುಡುಗ ಸ್ವಿಚ್ ಹುಡುಕುತ್ತಿದ್ದ. ಇದಕ್ಕೆ ಪವರ್ ಸ್ವಿಚ್ಚೇ ಇಲ್ಲ! ಪಿನ್ ಹಾಕಿದರೆ ಆನ್, ಕಿತ್ತರೆ ಆಫ್. ಪ್ಲಸ್ ಮಾದರಿಗೆ ಎಡಗಡೆ ಒಂದು ರೀಸೆಟ್ ಗುಂಡಿ ಕೊಟ್ಟಿದ್ದಾರೆ, ಅದೇ ದೊಡ್ಡ ಉಪಕಾರ. ಮೂರೂ ವೋಲ್ಟೇಜ್ ಸರಿಯಾಗಿ ಬಂದವು.

ಅಂಗಡಿಯಲ್ಲಿ 14 ಇಂಚಿನ ಒಂದು ಕಲರ್ ಟಿವಿ ಇಟ್ಟುಕೊಂಡಿದ್ದೇನೆ, ಪಿಕ್ಚರ್ ಟ್ಯೂಬಿನದು. ಯಾರು ಕೇಳಿದರೂ ಕೊಟ್ಟಿಲ್ಲ. ಅದಕ್ಕೆ ಯುಎಚ್‌ಎಫ್ ಇದೆ. ಮ್ಯಾನುಯಲ್ ಟ್ಯೂನಿಂಗ್ ಹಾಕಿ ಮೆಲ್ಲಗೆ ಮೇಲಕ್ಕೆ ಹೋದೆ. ಇರುವೆ ಸಾಲು, ಇರುವೆ ಸಾಲು, ಆಮೇಲೆ ಇದ್ದಕ್ಕಿದ್ದಂತೆ ಬೂದು ಬಿಳಿ ಪರದೆ. ಕೆಳಗೆ ಒಂದು ಸಾಲು: ಕಾಪಿರೈಟ್ ಗುರುತು, 1982, ಸಿಂಕ್ಲೇರ್ ರಿಸರ್ಚ್ ಲಿಮಿಟೆಡ್. ಅಷ್ಟೇ. ಸಂಗೀತ ಇಲ್ಲ, ಲೋಗೋ ಇಲ್ಲ, ಪಾಸ್‌ವರ್ಡ್ ಇಲ್ಲ. ಟಿವಿಯ ಸ್ಪೀಕರ್‌ನಲ್ಲಿ ಮಾತ್ರ ಸುಯ್ ಅನ್ನುವ ಗದ್ದಲ, ಯಾಕೆಂದರೆ ಇದು ಟಿವಿಗೆ ಧ್ವನಿ ಕಳಿಸುವುದೇ ಇಲ್ಲ. ಟಿವಿ ವಾಲ್ಯೂಮ್ ಪೂರ್ತಿ ಇಳಿಸಿಬಿಡಿ. ಮೇಷ್ಟ್ರಿಗೆ ಫೋನ್ ಮಾಡಿ "ನಿಮ್ಮ ಕಂಪ್ಯೂಟರ್ ಯಾವತ್ತೂ ಕೆಟ್ಟಿರಲಿಲ್ಲ ಸಾರ್" ಅಂದೆ. ಆ ಕಡೆಯಿಂದ "ನಾನು ಆಗ್ಲೇ ಹೇಳಿದ್ದೆ" ಅನ್ನುವ ಹೆಣ್ಣು ದನಿ ಕೇಳಿಸಿತು. ಮೇಷ್ಟ್ರ ಮನೆಯವರು.

ಆದರೆ ಕೀ ಒತ್ತಿದರೆ ಅರ್ಧ ಕೀಗಳು ಕೆಲಸ ಮಾಡಲಿಲ್ಲ. ಇದು ಕಂಪನಿಯ ತಪ್ಪು ಅನ್ನಲಾರೆ. ಕೀಗಳ ಕೆಳಗೆ ಇರುವುದು ತೆಳು ಪ್ಲಾಸ್ಟಿಕ್ ಹಾಳೆಗಳು, ಅದರ ಮೇಲೆ ಗೆರೆಗಳು. ನಲವತ್ತು ವರ್ಷಕ್ಕೆ ಯಾವ ಪ್ಲಾಸ್ಟಿಕ್ ಆದರೂ ಒಣಗಿ ಗರಿಗರಿ ಆಗುತ್ತದೆ. ಬೋರ್ಡಿಗೆ ಹೋಗುವ ಪಟ್ಟಿ ಬಾಗುವ ಕಡೆ ಸೀಳಿತ್ತು. ಹಳೇ ಸ್ಪೆಕ್ಟ್ರಮ್ ಕೊಳ್ಳುವವರು ಇದಕ್ಕೆ ತಯಾರಾಗಿಯೇ ಇರಬೇಕು. ಈ ಹಾಳೆಗಳಿಗೆ ಮೆಂಬ್ರೇನ್ ಅನ್ನುತ್ತಾರೆ. ಹೊಸದು ಈಗಲೂ ತಯಾರಾಗುತ್ತದೆ, ಹೊರದೇಶದಿಂದ ತರಿಸಬೇಕು. ಸಾಗಾಣಿಕೆ, ಕಸ್ಟಮ್ಸ್ ಸೇರಿದರೆ ಮೆಂಬ್ರೇನಿಗಿಂತ ಅದೇ ಜಾಸ್ತಿ.

ಅದು ಬರುವ ತನಕ ಸುಮ್ಮನೆ ಕೂರಲು ಮನಸ್ಸಾಗಲಿಲ್ಲ. ಕೀಬೋರ್ಡ್ ಅಂದರೆ ಒಂದು ಕಡೆ ಎಂಟು ಗೆರೆ, ಇನ್ನೊಂದು ಕಡೆ ಐದು ಗೆರೆ. ಕೀ ಒತ್ತುವುದು ಅಂದರೆ ಒಂದು ಎಂಟರದ್ದನ್ನೂ ಒಂದು ಐದರದ್ದನ್ನೂ ಮುಟ್ಟಿಸುವುದು, ಅಷ್ಟೇ. ಒಂದು ತುಂಡು ವೈರ್ ತೆಗೆದುಕೊಂಡು ಬೋರ್ಡಿನ ಸಾಕೆಟ್ಟುಗಳಲ್ಲಿ ಮುಟ್ಟಿಸಿದೆ. ಪರದೆಯ ಮೇಲೆ 'ಪ್ರಿಂಟ್' ಅಂತ ಪೂರ್ತಿ ಪದ ಬಂತು. ಹುಡುಗ ಕುರ್ಚಿಯಿಂದ ಎದ್ದ.

ಪೂರ್ತಿ ಪದ ಯಾಕೆ ಅಂದರೆ ಸ್ಪೆಕ್ಟ್ರಮ್‌ನಲ್ಲಿ ಬೇಸಿಕ್ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡುವಂತಿಲ್ಲ. ಸಾಲಿನ ಶುರುವಿನಲ್ಲಿ ಪಿ ಒತ್ತಿದರೆ ಪ್ರಿಂಟ್, ಜೆ ಒತ್ತಿದರೆ ಲೋಡ್, ಜಿ ಒತ್ತಿದರೆ ಗೋ ಟು. ಒಂದೊಂದು ಕೀ ಮೇಲೆ ನಾಲ್ಕೈದು ಕೆಲಸ. ಇದು ನನಗೆ ಹಿಡಿಸಲಿಲ್ಲ. ಮೇಷ್ಟ್ರಿಗೆ ಭಾರೀ ಹಿಡಿಸಿತು. "ಸ್ಪೆಲಿಂಗ್ ತಪ್ಪೋಕೆ ಅವಕಾಶನೇ ಇಲ್ವಲ್ಲಪ್ಪಾ" ಅಂತ ಅವರ ಲೆಕ್ಕ. ಪಾಠ ಹೇಳಿದವರ ಬುದ್ಧಿ ಬೇರೆ.

ಮೆಂಬ್ರೇನ್ ಕೂರಿಸುವ ಕೆಲಸ ಮಾತ್ರ ತಾಳ್ಮೆ ತಿನ್ನುತ್ತದೆ. ಪ್ಲಸ್‌ನಲ್ಲಿ 58 ಕೀ. ಹಳೆಯ ರಬ್ಬರ್ ಮಾದರಿಯಲ್ಲಿ 40. ಹೆಚ್ಚುವರಿ ಕೀಗಳು ಒಂದೇ ಏಟಿಗೆ ಎರಡು ಕೀ ಒತ್ತಿದ ಹಾಗೆ ಮಾಡಬೇಕು, ಅದಕ್ಕೆ ಹಾಳೆಯ ಪದರಗಳೂ ಜಾಸ್ತಿ. ಸ್ಕ್ರೂಗಳಂತೂ ಲೆಕ್ಕ ಇಲ್ಲ. ಒಂದು ಪದರ ಸ್ವಲ್ಪ ಸರಿದರೆ ಒಂದು ಕೀ ಸತ್ತಿರುತ್ತದೆ, ಮತ್ತೆ ಬಿಚ್ಚು. ಕೂತ ಮೇಲೂ ಕೀಗಳ ಸ್ಪರ್ಶ ನನಗೆ ಮೆತ್ತಗೆ ಅನಿಸಿತು. ಕಣ್ಣಿಗೆ ಗಟ್ಟಿ, ಬೆರಳಿಗೆ ಅಷ್ಟಕ್ಕಷ್ಟೇ.

ಚಿತ್ರದ ವಿಷಯ. ಅಡ್ಡ 256 ಚುಕ್ಕೆ, ಉದ್ದ 192. ಎಂಟು ಬಣ್ಣ, ಕಪ್ಪು ಬಿಟ್ಟು ಉಳಿದವು ಎರಡು ಹೊಳಪಿನಲ್ಲಿ. ಎಂಟು ಚುಕ್ಕೆ ಅಡ್ಡ, ಎಂಟು ಚುಕ್ಕೆ ಉದ್ದದ ಒಂದು ಚೌಕದಲ್ಲಿ ಎರಡೇ ಬಣ್ಣ ಇರಲು ಸಾಧ್ಯ. ಹಾಗಾಗಿ ಆಟದ ಬೊಂಬೆ ಒಂದು ಮರದ ಮುಂದೆ ಹೋದರೆ ಮರವೂ ಬೊಂಬೆಯ ಬಣ್ಣಕ್ಕೆ ತಿರುಗುತ್ತದೆ. ಪಿಕ್ಚರ್ ಟ್ಯೂಬಿನಲ್ಲಿ ಇದು ಚೆಂದವಾಗಿಯೇ ಕಾಣುತ್ತದೆ. ಮೇಷ್ಟ್ರ ಮನೆಯಲ್ಲಿ ಈಗ ಇರುವುದು 43 ಇಂಚಿನ ಎಲ್‌ಇಡಿ. ಅದರ ಅನಲಾಗ್ ಟ್ಯೂನರ್ 36ನೇ ಚಾನೆಲ್ ಹಿಡಿಯಿತು, ಆದರೆ ಅಕ್ಷರದ ಅಂಚು ಮಸುಕು. ಅದಕ್ಕೆ ಮಾಡ್ಯುಲೇಟರ್ ಡಬ್ಬಿಯೊಳಗೆ (ಚಿತ್ರವನ್ನು ಟಿವಿ ಚಾನೆಲ್ ಆಗಿ ಮಾಡುವ ಭಾಗ) ಬರುವ ವಿಡಿಯೋ ವೈರನ್ನು ನೇರವಾಗಿ ಹೊರಗಿನ ಸಾಕೆಟ್ಟಿಗೆ ಕೊಟ್ಟೆ. ಈಗ ಟಿವಿಯ ಎವಿ ಇನ್‌ಪುಟ್‌ಗೆ ಹೋಗುತ್ತದೆ. ಎರಡು ಸೋಲ್ಡರ್ ಕೆಲಸ, ಬೇಕಾದಾಗ ವಾಪಸ್ ಮೊದಲಿನ ಹಾಗೆ ಮಾಡಬಹುದು. ಇದನ್ನು ಯಾರು ಬೇಕಾದರೂ ಮಾಡಿಸಿಕೊಳ್ಳಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಟೇಪಿನ ಕಥೆ ಇನ್ನೊಂದು. ಇದರ ಆಟ, ಪ್ರೋಗ್ರಾಂಗಳು ಕ್ಯಾಸೆಟ್ಟಿನಲ್ಲಿ ಕೀಚಲು ಧ್ವನಿಯಾಗಿ ಇರುತ್ತವೆ, ಟೇಪ್ ಹಾಕಿ ಅದನ್ನು ಮೆಷಿನ್ನಿಗೆ ಕೇಳಿಸಬೇಕು. ಮೇಷ್ಟ್ರ ಟೂ ಇನ್ ಒನ್‌ನಲ್ಲಿ ಬೆಲ್ಟ್ ಕರಗಿ ಕಪ್ಪು ಅಂಟಾಗಿತ್ತು. ಸ್ಪಿರಿಟ್ ಹಾಕಿ ಒರೆಸಿ ಹೊಸ ಬೆಲ್ಟ್ ಹಾಕಿದೆ. ಮೊದಲ ಸಲ 'ಆರ್ ಟೇಪ್ ಲೋಡಿಂಗ್ ಎರರ್' ಅಂತ ಬಂತು. ಹೆಡ್ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ, ಕೀಚಲು ಧ್ವನಿ ಅತಿ ಚೂಪಾಗಿ ಕೇಳುವ ಜಾಗಕ್ಕೆ ತಂದು ನಿಲ್ಲಿಸಿದ ಮೇಲೆ ಸರಿ ಹೋಯಿತು. ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟೆ, ಆಮೇಲೆ ನೀಲಿ ಮತ್ತು ಹಳದಿ ಪಟ್ಟೆ ಓಡುತ್ತವೆ. ದೊಡ್ಡ ಆಟ ಒಂದಕ್ಕೆ ಐದು ನಿಮಿಷದ ಹತ್ತಿರ ಹಿಡಿಯುತ್ತದೆ. ಟೇಪ್ ಇಲ್ಲದವರು ಆ ಧ್ವನಿಯ ಫೈಲನ್ನೇ ಮೊಬೈಲ್‌ನಿಂದ ಕೇಬಲ್ ಮೂಲಕ ಕೊಡಬಹುದು, ವಾಲ್ಯೂಮ್ ಪೂರ್ತಿ ಇಟ್ಟು.

ನನಗೆ ಈ ಮೆಷಿನ್ನಿನ ಮೇಲೆ ಪ್ರೀತಿ ಬಂದದ್ದು ಬೀಪ್‌ನಿಂದ. ಬೀಪ್ ಅನ್ನುವ ಆಜ್ಞೆಗೆ ಎರಡು ಸಂಖ್ಯೆ ಕೊಡಬೇಕು. ಎಷ್ಟು ಹೊತ್ತು, ಎಷ್ಟು ಎತ್ತರ. ಸೊನ್ನೆ ಅಂದರೆ ಹಾರ್ಮೋನಿಯಂನ ಮಧ್ಯದ ಸಿ. ಒಂದೊಂದು ಸಂಖ್ಯೆ ಏರಿದರೆ ಒಂದೊಂದು ಅರ್ಧ ಸ್ವರ ಮೇಲೆ. ಮೇಷ್ಟ್ರ ಮೊಮ್ಮಗಳು ಸಂಗೀತದ ಕ್ಲಾಸಿಗೆ ಹೋಗುತ್ತಾಳೆ, ಇನ್ನೂ ಸರಳೆ ವರಸೆ. ಮೇಷ್ಟ್ರು ಕಾಗದದ ಮೇಲೆ ಲೆಕ್ಕ ಹಾಕಿದರು. ಮಾಯಾಮಾಳವಗೌಳ ಅಂದರೆ 0, 1, 4, 5, 7, 8, 11, 12. ಅದನ್ನು ಡೇಟಾ ಸಾಲಿನಲ್ಲಿ ಬರೆದು, ಒಂದೊಂದಾಗಿ ಓದಿ ಬೀಪ್ ಮಾಡು ಅಂತ ನಾಲ್ಕು ಸಾಲಿನ ಪ್ರೋಗ್ರಾಂ. ನುಡಿಯಿತು! ಅವಧಿ 0.5 ಇದ್ದದ್ದನ್ನು 0.25 ಮಾಡಿದರೆ ಎರಡನೇ ಕಾಲ, 0.125 ಮಾಡಿದರೆ ಮೂರನೇ ಕಾಲ. ಹುಡುಗಿ ಜೊತೆಗೆ ಹಾಡಿದಳು, ಮೂರನೇ ಕಾಲದಲ್ಲಿ ಮೆಷಿನ್ನೇ ಗೆದ್ದಿತು. "ತಾತ, ಇದಕ್ಕೆ ಗಮಕ ಬರಲ್ಲ" ಅಂತ ತೀರ್ಪು ಕೊಟ್ಟಳು. ಸಂಖ್ಯೆಯನ್ನು ದಶಾಂಶದಲ್ಲೂ ಕೊಡಬಹುದು, ಸ್ವರ ಸ್ವಲ್ಪ ಜಗ್ಗಬಹುದು. ಆದರೂ ಹುಡುಗಿ ಹೇಳಿದ್ದೇ ಸರಿ.

ಸ್ಪೀಕರ್ ಮಾತ್ರ ತೀರಾ ಕ್ಷೀಣ. ವಾಲ್ಯೂಮ್ ಗುಂಡಿ ಇಲ್ಲ. ಹಿಂದಿನ ಮೈಕ್ ಸಾಕೆಟ್ಟಿನಿಂದ ಆಂಪ್ಲಿಫೈಯರ್‌ಗೆ ಕೊಟ್ಟರೆ ಮನೆಯವರೆಲ್ಲ ಕೇಳಬಹುದು. ಇನ್ನೊಂದು, ಕರೆಂಟ್ ಹೋದರೆ ಟೈಪ್ ಮಾಡಿದ್ದೆಲ್ಲ ಹೋಯಿತು. ನಮ್ಮೂರಲ್ಲಿ ಇದು ಸಣ್ಣ ವಿಷಯ ಅಲ್ಲ. ಆಗಾಗ ಟೇಪಿಗೆ ಸೇವ್ ಮಾಡಿಕೊಳ್ಳಿ.

ಖರ್ಚು: ಮಜೂರಿ ಅಂತ ನಾನು 800 ರೂಪಾಯಿ ತೆಗೆದುಕೊಂಡೆ, ಭಾಗಗಳು ಬೇರೆ. ಮೇಷ್ಟ್ರಿಗೆ ಮೆಷಿನ್ನು ಪುಕ್ಕಟೆ ಬಂದದ್ದು, ಆದ್ದರಿಂದ ಅವರಿಗೆ ಲಾಭ. ನೀವು ಹಣ ಕೊಟ್ಟು ಕೊಳ್ಳುವುದಾದರೆ "ಪವರ್ ಬರ್ತಿದೆ" ಅನ್ನುವ ಮಾತು ನಂಬಬೇಡಿ. ಪರದೆಯಲ್ಲಿ ಕಾಪಿರೈಟ್ ಸಾಲು ಇರುವ ಫೋಟೋ ಕೇಳಿ. ಆಮೇಲೆ ಎಲ್ಲ ಕೀಗಳನ್ನು ಒತ್ತಿ ತೋರಿಸುವ ವಿಡಿಯೋ ಕೇಳಿ. ಎರಡನೆಯದು ಕೊಡದಿದ್ದರೆ ಮೆಂಬ್ರೇನಿನ ಖರ್ಚಿನಷ್ಟು ಮೆಷಿನ್ನಿನ ಬೆಲೆ ಕಡಿಮೆ ಮಾಡಿಸಿ. ಬರೀ ಆಟ ಬೇಕು ಅನ್ನುವವರಿಗೆ ಮೊಬೈಲ್‌ನಲ್ಲಿ ಎಮ್ಯುಲೇಟರ್, ಅಂದರೆ ಈ ಮೆಷಿನ್ನಿನ ಹಾಗೆ ನಟಿಸುವ ಆ್ಯಪ್, ಪುಕ್ಕಟೆ ಸಿಗುತ್ತದೆ. ಇಲ್ಲವೇ ರೆಟ್ರೋ ಗೇಮ್ಸ್‌ನವರು 2024ರಲ್ಲಿ 'ದಿ ಸ್ಪೆಕ್ಟ್ರಮ್' ಅಂತ ಹೊಸದೊಂದು ತಂದಿದ್ದಾರೆ, ರಬ್ಬರ್ ಕೀ ಇರುವುದು, ಎಚ್‌ಡಿಎಂಐ ಕೇಬಲ್‌ನಲ್ಲಿ ನೇರ ಟಿವಿಗೆ ಹೋಗುತ್ತದೆ. ಅದರಲ್ಲಿ ಮೆಕ್ಯಾನಿಕ್‌ಗೆ ಕೆಲಸ ಇಲ್ಲ.

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಯಾರ ಅಟ್ಟದಲ್ಲಾದರೂ ಇಂಥದ್ದು ಇದ್ದರೆ ಆನ್ ಮಾಡದೆ ತನ್ನಿ. ಎಲಿಮಿನೇಟರ್ ಸಮೇತ ತನ್ನಿ, ಇಲಿ ಕಡಿದಿದ್ದರೂ ಪರವಾಗಿಲ್ಲ. ಭಾನುವಾರ ಅಂಗಡಿ ರಜಾ.